ಉತ್ತರ ಕೊಡಬೇಕಾದವರು ಯಾರು?

ಬೀಳಗಿ ತಾಲ್ಲೂಕಿನ ನಮ್ಮೂರಿಗೊಂದು ವಾಟ್ಸಾಪ್ ಗ್ರೂಪ್ ಇದೆ. ಊರಲ್ಲೇ ಇರುವವರು, ಬಾಗಲಕೋಟೆಯ ನವನಗರಕ್ಕೆ ಬಂದು ಮನೆ ಮಾಡಿರುವ ನನ್ನಂಥವರು, ಗೋವಾ, ಪುಣೆ, ಬೆಂಗಳೂರಿಗೆ ದುಡಿಯಲು ಹೋದವರು, ಎಲ್ಲರೂ ಅದರಲ್ಲಿದ್ದೇವೆ. ಒಂದು ಗ್ರೂಪಿಗೆ 1024 ಜನರವರೆಗೆ ಸೇರಬಹುದು. ಮನೆಗೊಬ್ಬರಂತೆ ಲೆಕ್ಕ ಹಾಕಿದರೆ ಇಡೀ ಊರು ಒಂದೇ ಕಡೆ ಹಿಡಿಯುತ್ತದೆ. ಬೆಳಿಗ್ಗೆ ಶುಭೋದಯದ ಹೂವು, ಆಮೇಲೆ ಯಾರದೋ ಸಾವಿನ ಸುದ್ದಿ, ಕಬ್ಬಿನ ಬಿಲ್ಲು ಇನ್ನೂ ಜಮಾ ಆಗಿಲ್ಲ ಅನ್ನುವ ಸಿಟ್ಟು, ಮುಳುಗಡೆ ಪರಿಹಾರದ ಬಗ್ಗೆ ಯಾವುದೋ ಪತ್ರಿಕೆಯ ತುಣುಕು, ಸಂಜೆ ಹೊತ್ತಿಗೆ ರಾಜಕೀಯದ ಜಗಳ.

ಇದನ್ನೆಲ್ಲ ಬರೀ ಹರಟೆ ಅಂತ ತಳ್ಳಿಹಾಕುವವರು ಇದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ರಸ್ತೆ, ನೀರು, ಶಾಲೆ, ಜಮೀನು, ಇವುಗಳ ಬಗ್ಗೆ ಊರಿನವರು ಒಬ್ಬರ ಮಾತನ್ನು ಒಬ್ಬರು ಕೇಳುವಂತೆ ಮಾತಾಡುವ ಜಾಗ ಈಗ ಇದೊಂದೇ. ನನ್ನ ತಲೆಯಲ್ಲಿ ಕೊರೆಯುವ ಪ್ರಶ್ನೆ ಬೇರೆ. ಇಷ್ಟೆಲ್ಲ ಮಾತಾಡಿದ ಮೇಲೆ ಉತ್ತರ ಕೊಡಬೇಕಾದವರು ಯಾರು? ಕೊಡಲೇಬೇಕು ಅನ್ನುವಂಥವರು ಒಬ್ಬರಾದರೂ ಇದ್ದರೆ ಆ ಚರ್ಚೆಗೆ ಕಾಲು ಬರುತ್ತದೆ. ಇಲ್ಲದಿದ್ದರೆ ಎಂಥ ಒಳ್ಳೆಯ ಮಾತಾದರೂ ರಾತ್ರಿ ಹತ್ತು ಗಂಟೆಗೆ ಅಲ್ಲೇ ಮುಗಿದುಹೋಗುತ್ತದೆ.

ಮೊದಲು ಕಟ್ಟೆಯ ವಿಷಯ ಹೇಳಿಬಿಡುತ್ತೇನೆ. ಮೊಬೈಲಿನಲ್ಲಿ ನಡೆಯುವ ಚರ್ಚೆ ಕೆಟ್ಟುಹೋಗಿದೆ ಅನ್ನುವವರು ಸಾಮಾನ್ಯವಾಗಿ ಹಳೆಯ ಕಾಲದ ಕಟ್ಟೆಯನ್ನು ನೆನೆಯುತ್ತಾರೆ. ಹನುಮಪ್ಪನ ಗುಡಿ ಮುಂದೆ ಹಿರಿಯರು ದೈವ, ಅಂದರೆ ಊರ ಪಂಚರ ಸಭೆ, ಕೂಡಿಸುತ್ತಿದ್ದರು, ಎದುರು ಬದುರು ಕೂತು ಬಗೆಹರಿಸುತ್ತಿದ್ದರು, ಆಡಿದ ಮಾತಿಗೆ ತೂಕ ಇತ್ತು ಅಂತ. ತೂಕ ಇತ್ತು, ನಿಜ. ಆದರೆ ಆ ಕಟ್ಟೆ ಮೇಲೆ ಯಾರು ಕೂರುತ್ತಿದ್ದರು? ಹೆಣ್ಣುಮಕ್ಕಳು ಕೂತದ್ದನ್ನು ನಾನು ನೋಡಿಲ್ಲ. ಕೇರಿಯವರು ದೂರ ನಿಂತು ಕೇಳುತ್ತಿದ್ದರು. ಮಾತಾಡುವವರು ನಾಲ್ಕೈದು ಮನೆತನದವರು, ಉಳಿದವರದು ತಲೆ ಆಡಿಸುವ ಕೆಲಸ. ಅದನ್ನು ಪ್ರಜಾಪ್ರಭುತ್ವದ ಚರ್ಚೆ ಅಂತ ಕರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ.

ನಮ್ಮ ಗ್ರೂಪಿನಲ್ಲಿ ಕೇರಿಯ ಹುಡುಗನೊಬ್ಬ ಇದ್ದಾನೆ. ಡಿಗ್ರಿ ಮುಗಿಸಿದ್ದಾನೆ. ಸಮುದಾಯ ಭವನಕ್ಕೆ ಬಂದ ಹಣ ಎಲ್ಲಿ ಹೋಯಿತು ಅಂತ ಒಂದು ದಿನ ಬರೆದ. ಬರೆದದ್ದು ನಾಲ್ಕೇ ಸಾಲು. ಯಾವ ವರ್ಷ ಮಂಜೂರಾಯಿತು, ತಳಪಾಯ ಹಾಕಿ ನಿಲ್ಲಿಸಿದ್ದು ಯಾವಾಗ, ಇದಕ್ಕೆ ಯಾರು ಉತ್ತರ ಕೊಡುತ್ತೀರಿ ಅಂತ. ಒಂದೂ ಕೆಟ್ಟ ಮಾತಿಲ್ಲ. ಗ್ರೂಪಿನಲ್ಲಿ ಯಾರೂ ಉತ್ತರ ಕೊಡಲಿಲ್ಲ. ಆದರೆ ಆ ರಾತ್ರಿ ಅವನ ಅಪ್ಪನಿಗೆ ಫೋನ್ ಹೋಯಿತು. "ನಿನ್ನ ಮಗಾ ಭಾಳ ಶ್ಯಾಣ್ಯಾ ಆಗ್ಯಾನ, ಒಂದಿಷ್ಟು ಹೇಳು ಅವಗ." ಮರುದಿನ ಹುಡುಗ ನನಗೆ ಫೋನ್ ಮಾಡಿದ. "ನಾ ಏನರ ತಪ್ಪ ಬರದೀನೇನ್ರಿ ಸರ?" ಅಂತ ಕೇಳಿದ. ಇಲ್ಲಪ್ಪ, ಸರಿಯಾಗಿಯೇ ಬರೆದಿದ್ದೀಯ ಅಂದೆ. "ಹಂಗಾದ್ರ ಅಪ್ಪಗ ಯಾಕ ಫೋನ್ ಮಾಡಬೇಕ್ರಿ? ಪ್ರಶ್ನೆ ಕೇಳಿದಾಂವ ನಾನು."

ಈ ಪ್ರಸಂಗದಲ್ಲಿ ಎರಡು ವಿಷಯ ನನಗೆ ಕಾಣುತ್ತವೆ. ಕಟ್ಟೆ ಮುಂದೆ ನಿಂತು ಅವನು ಇದನ್ನು ಕೇಳಲು ಸಾಧ್ಯವೇ ಇರಲಿಲ್ಲ. ಗ್ರೂಪಿನಲ್ಲಿ ಕೇಳಿದ, ಊರಿಗೆ ಊರೇ ಓದಿತು, ಕೆಳಗಿಳಿ ಅನ್ನಲು ಯಾರಿಗೂ ಆಗಲಿಲ್ಲ. ಇದು ಸಣ್ಣ ಬದಲಾವಣೆ ಅಂತ ನಾನು ಒಪ್ಪುವುದಿಲ್ಲ. ಹಾಗೇ, ಅವನ ಪ್ರಶ್ನೆಗೆ ಅದೇ ಜಾಗದಲ್ಲಿ ಉತ್ತರ ಕೊಡುವ ಬದಲು ಬೆದರಿಕೆ ಹಿಂಬಾಗಿಲಿನಿಂದ ಮನೆಗೆ ಹೋಯಿತು. ಮಾತಾಡುವ ಅವಕಾಶ ಬಂದಿದೆ. ಉತ್ತರ ಕೊಡುವ ಅಭ್ಯಾಸ ಬಂದಿಲ್ಲ.

ನಮ್ಮ ಕಡೆ ಇಂಥ ವಿಷಯ ಬಂದಾಗ ಅನುಭವ ಮಂಟಪದ ಹೆಸರು ಬರದೇ ಇರುವುದಿಲ್ಲ. ಬಸವಣ್ಣನವರು ಹುಟ್ಟಿದ ಬಾಗೇವಾಡಿ ಪಕ್ಕದ ವಿಜಯಪುರ ಜಿಲ್ಲೆಯಲ್ಲಿದೆ, ಕೂಡಲಸಂಗಮ ನಮ್ಮದೇ ಜಿಲ್ಲೆಯಲ್ಲಿದೆ. ಎಲ್ಲರೂ ಸಮಾನರಾಗಿ ಕೂತರು ಅನ್ನುವುದನ್ನು ವೇದಿಕೆ ಮೇಲೆ ಹೇಳುತ್ತೇವೆ. ಆದರೆ ಶರಣರ ಸಂವಾದಗಳ ಗ್ರಂಥವಾದ ಶೂನ್ಯಸಂಪಾದನೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಬೇರೆಯೇ. ಅಲ್ಲಿ ಅಲ್ಲಮಪ್ರಭುಗಳು ಅಕ್ಕಮಹಾದೇವಿಗೆ ಒಂದಾದ ಮೇಲೊಂದು ಕಠಿಣ ಪ್ರಶ್ನೆ ಹಾಕುತ್ತಾರೆ, ಅಕ್ಕ ಹಿಂಜರಿಯದೆ ಒಂದೊಂದಕ್ಕೂ ಉತ್ತರ ಕೊಡುತ್ತಾಳೆ. ಕೇಳಿದ್ದಕ್ಕೆ ಎಲ್ಲರೆದುರು ಉತ್ತರ. ಆ ಗ್ರಂಥ ಸಂಕಲನಗೊಂಡದ್ದು 15ನೇ ಶತಮಾನದಲ್ಲಿ, ಅಂದರೆ ಶರಣರ ಕಾಲದ ಸುಮಾರು ಮುನ್ನೂರು ವರ್ಷದ ನಂತರ. ಅಷ್ಟು ವರ್ಷ ಕಳೆದ ಮೇಲೂ ನಮ್ಮ ಜನ ನೆನಪಿಟ್ಟುಕೊಂಡದ್ದು ಪ್ರಶ್ನೆ ಉತ್ತರದ ಈ ಕ್ರಮವನ್ನೇ.

ಇನ್ನು ನೀರಿನ ಕತೆ. ನಮ್ಮೂರಲ್ಲಿ ಶುದ್ಧ ಕುಡಿಯುವ ನೀರಿನ ಘಟಕ ಇದೆ, ಐದು ರೂಪಾಯಿ ನಾಣ್ಯ ಹಾಕಿದರೆ ಒಂದು ಕ್ಯಾನ್ ನೀರು ಬರುವಂಥದ್ದು. ಅದು ಕೆಟ್ಟಿತು. ಒಬ್ಬರು ಫೋಟೊ ಹಾಕಿದರು. ನಾಣ್ಯ ಹಾಕುವ ಕಂಡಿಗೆ ಯಾರೋ ಹಳೇ ಬಟ್ಟೆ ತುರುಕಿದ್ದರು, ಕೆಳಗೆ ಖಾಲಿ ಕ್ಯಾನುಗಳ ಸಾಲು. "ರೊಕ್ಕ ನುಂಗತೈತಿ, ನೀರ ಬರಂಗಿಲ್ಲ" ಅಂತ ಬರಹ. ತಕ್ಷಣ ಹೆಬ್ಬೆರಳು, ಸಿಟ್ಟಿನ ಮುಖ, ಕೈ ಮುಗಿಯುವ ಚಿತ್ರ. "ಯಾರ್ನ ಆರಿಸಿ ಕಳಿಸೀರಿ ಅವರ್ನ ಕೇಳ್ರಿ" ಅಂತ ಒಬ್ಬರು. ಅಲ್ಲಿಂದ ಯಾವ ಪಕ್ಷ ಏನು ಮಾಡಿತು ಅನ್ನುವ ಜಗಳ ಶುರು. ಇಬ್ಬರು ನಾಯಕರ ಫೋಟೊ ಬಂತು. ಹಿಂದಿನ ಅಧ್ಯಕ್ಷರ ಮನೆ ವಿಷಯ ಬಂತು. ಒಬ್ಬರು ಗ್ರೂಪ್ ಬಿಟ್ಟುಹೋದರು, ಅವರನ್ನು ಅಡ್ಮಿನ್ ಮತ್ತೆ ಸೇರಿಸಿದರು. ನೀರಿನ ಮಾತು ಎಲ್ಲೋ ಮೇಲೆ ಹೋಗಿ ಮರೆಯಾಯಿತು. ಇಷ್ಟರಲ್ಲಿ ಹೆಣ್ಣುಮಕ್ಕಳು ಕೊಡ ಹೊತ್ತು ಪಕ್ಕದೂರಿನ ಘಟಕಕ್ಕೆ ನಡೆಯುತ್ತಲೇ ಇದ್ದರು.

ಅದನ್ನು ದಾರಿಗೆ ತಂದವರು ಊರಿನ ನಿವೃತ್ತ ಪೋಸ್ಟ್‌ಮನ್ ಕಾಕಾ. ಮೂರು ಸಾಲು ಬರೆದರು. ಘಟಕ ಯಾವ ದಿನದಿಂದ ಬಂದ್ ಇದೆ? ದುರಸ್ತಿ ಮಾಡಬೇಕಾದ ಗುತ್ತಿಗೆದಾರರು ಯಾರು, ಅವರ ಗುತ್ತಿಗೆ ಅವಧಿ ಎಲ್ಲಿಯವರೆಗೆ ಇದೆ? ಬರುವ ಗ್ರಾಮ ಸಭೆಯಲ್ಲಿ ಪಿಡಿಒ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ) ಸಾಹೇಬರು ಇದಕ್ಕೆ ಉತ್ತರ ಕೊಡಬೇಕು. ಅಷ್ಟೇ. ಆಮೇಲೆ ನೋಡಿ, ಗ್ರೂಪಿನ ಮಾತಿನ ಬಗೆಯೇ ಬೇರೆಯಾಯಿತು. ಘಟಕ ಕೆಟ್ಟ ದಿನ ಯಾವುದು ಅಂತ ಒಬ್ಬರು ತಮ್ಮ ಹಳೆಯ ಫೋಟೊ ಹುಡುಕಿ ಹಾಕಿದರು. ಇನ್ನೊಂದು ವಾರ್ಡಿನ ಘಟಕವೂ ಬಂದ್ ಆಗಿದೆ ಅಂತ ಗೊತ್ತಾಯಿತು. ಯಂತ್ರದ ಪಕ್ಕದ ಫಲಕದಲ್ಲಿದ್ದ ಗುತ್ತಿಗೆದಾರರ ಹೆಸರಿನ ಫೋಟೊ ಬಂತು. ಗೋವಾದಲ್ಲಿ ಪ್ಲಂಬಿಂಗ್ ಮಾಡುವ ಹುಡುಗ, ಫಿಲ್ಟರ್ ಬದಲಿಸದಿದ್ದರೆ ಹೀಗೇ ಆಗುತ್ತದೆ ಅಂತ ವಿವರಿಸಿದ.

ಗ್ರಾಮ ಸಭೆಯಲ್ಲಿ ಕಾಕಾ ಎದ್ದು ಅದನ್ನೇ ಕೇಳಿದರು. ಪಿಡಿಒ ಕಡತ ತೆಗೆದರು. ನಿರ್ವಹಣೆಯ ಗುತ್ತಿಗೆ ಮುಗಿದಿತ್ತು, ಮುಂದುವರಿಸಿರಲಿಲ್ಲ. ಇಂತಿಷ್ಟು ದಿನದೊಳಗೆ ಹೊಸದಾಗಿ ವಹಿಸಬೇಕು ಅಂತ ಠರಾವು ಆಯಿತು. ನಡಾವಳಿ ಪುಸ್ತಕದ ಆ ಹಾಳೆಯ ಫೋಟೊ ಗ್ರೂಪಿಗೆ ಬಂತು, ಸಹಿ ಸಮೇತ. ನೀರು ಬರಲು ಇನ್ನೂ ಕೆಲವು ವಾರ ಹಿಡಿಯಿತು, ನಡುವೆ ಎರಡು ಸಲ ಆ ಹಾಳೆಯನ್ನು ಮತ್ತೆ ಗ್ರೂಪಿಗೆ ಹಾಕಬೇಕಾಯಿತು. ಆದರೂ ಬಂತು.

ಗ್ರಾಮ ಸಭೆ ಅಂದರೆ ನಮ್ಮ ಜನಕ್ಕೆ ಮನೆ ಹಂಚುವ ಸಭೆ. ಫಲಾನುಭವಿ ಪಟ್ಟಿಯಲ್ಲಿ ಹೆಸರು ಓದಿದ ಕೂಡಲೇ ಅರ್ಧ ಜನ ಎದ್ದು ಹೋಗುತ್ತಾರೆ. ಆದರೆ ಸಂವಿಧಾನದ 73ನೇ ತಿದ್ದುಪಡಿ ಜಾರಿಯಾದ 1993ರಿಂದ, ಮತ್ತು ಅದೇ ವರ್ಷದ ನಮ್ಮ ರಾಜ್ಯದ ಪಂಚಾಯತ್ ರಾಜ್ ಕಾಯ್ದೆಯ ಪ್ರಕಾರ, ಊರಿನ ಪ್ರತಿ ಮತದಾರನೂ ಅದರ ಸದಸ್ಯ. ಆರು ತಿಂಗಳಿಗೊಮ್ಮೆಯಾದರೂ ಅದು ಸೇರಬೇಕು. ವರ್ಷಕ್ಕೊಮ್ಮೆ ಜಮಾಬಂದಿ ನಡೆದು ಪಂಚಾಯ್ತಿ ಲೆಕ್ಕವನ್ನು ಜನರೆದುರು ಇಡಬೇಕು. ಇಲ್ಲಿ ಉತ್ತರ ಕೊಡುವುದು ಯಾರದೋ ದೊಡ್ಡತನ ಅಲ್ಲ, ಕೆಲಸ. ಮೊಬೈಲಿನ ಚರ್ಚೆಗೆ ಇಲ್ಲದ್ದು ಇದೇ. ಗ್ರಾಮ ಸಭೆಗೆ ಇಲ್ಲದ್ದು ತಯಾರಿ. ಪ್ರಶ್ನೆ ಏನು, ದಾಖಲೆ ಯಾವುದು, ಯಾವ ವಾರ್ಡಿನಲ್ಲಿ ಏನಾಗಿದೆ ಅನ್ನುವುದು ಮೊದಲೇ ಎಲ್ಲರಿಗೂ ಗೊತ್ತಿರುವುದಿಲ್ಲ. ಒಂದರ ಕೊರತೆ ಇನ್ನೊಂದು ತುಂಬುತ್ತದೆ ಅನ್ನುವುದನ್ನು ಆ ನೀರಿನ ಘಟಕ ನನಗೆ ಕಣ್ಣಾರೆ ತೋರಿಸಿತು.

ದೂರು ಕೊಡಲು ರಾಜ್ಯ ಸರ್ಕಾರದ ಸಹಾಯವಾಣಿ 1902ಕ್ಕೆ ಫೋನ್ ಮಾಡಬಹುದಿತ್ತಲ್ಲ ಅಂತ ಒಬ್ಬ ಗೆಳೆಯರು ಕೇಳಿದರು. ಮಾಡಬಹುದು, ಮಾಡಲೂ ಬೇಕು. ಆದರೆ ದೂರು ಒಬ್ಬರಿಂದ ಒಂದು ಕಚೇರಿಗೆ ಹೋಗುತ್ತದೆ, ಉತ್ತರ ಆ ಒಬ್ಬರ ಮೊಬೈಲಿಗೆ ಬರುತ್ತದೆ. ಪಕ್ಕದ ಮನೆಯವರಿಗೆ ಗೊತ್ತಾಗುವುದಿಲ್ಲ. ಊರಿನ ವಿಷಯಕ್ಕೆ ಉತ್ತರ ಊರಿಗೇ ಕೇಳಿಸಬೇಕು.

ಇದೇ ಮಾತು ದೇಶದ ಮಟ್ಟದಲ್ಲಿ ನಡೆದದ್ದನ್ನು ನಾವು ನೋಡಿದ್ದೇವೆ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, 2015ರ ಮಾರ್ಚ್‌ನಲ್ಲಿ ಒಂದು ಸಮಾಲೋಚನಾ ಪತ್ರ ಹೊರಡಿಸಿತು. ಕೆಲವು ಆ್ಯಪ್‌ಗಳಿಗೆ ಒಂದು ದರ, ಉಳಿದವಕ್ಕೆ ಇನ್ನೊಂದು ದರ ಮಾಡಬಹುದೇ ಅನ್ನುವಂಥ ವಿಷಯ ಅದರಲ್ಲಿತ್ತು. 118 ಪುಟ, 20 ಪ್ರಶ್ನೆ. ಸಾಮಾನ್ಯರು ಓದುವಂಥದ್ದಲ್ಲ. ಕೆಲವು ಸ್ವಯಂಸೇವಕರು ಸೇರಿ ಅದನ್ನು ಸರಳ ಮಾಡಿ, ಪ್ರಶ್ನೆವಾರು ಉತ್ತರ ಬರೆದು ಇಂಟರ್ನೆಟ್‌ನಲ್ಲಿ ಹಾಕಿದರು. ವಿಡಿಯೊ ಮಾಡಿದವರಿದ್ದರು, ವಾದ ಮಾಡಿದವರಿದ್ದರು. ಹತ್ತು ಲಕ್ಷಕ್ಕೂ ಹೆಚ್ಚು ಇಮೇಲ್ ಟ್ರಾಯ್‌ಗೆ ಹೋದವು.

ಆ ವರ್ಷದ ಕೊನೆಯಲ್ಲಿ ಟ್ರಾಯ್ ಎರಡನೇ ಪತ್ರ ಹೊರಡಿಸಿದಾಗ ಆದದ್ದು ಇನ್ನೂ ಮುಖ್ಯ. ಆಯ್ದ ಕೆಲವೇ ಜಾಲತಾಣಗಳನ್ನು ಪುಕ್ಕಟೆ ಕೊಡುವ ತನ್ನ ಫ್ರೀ ಬೇಸಿಕ್ಸ್ ಯೋಜನೆ ಉಳಿಸಿಕೊಳ್ಳಲು ಫೇಸ್‌ಬುಕ್, ಒಂದು ಒತ್ತಿದರೆ ಸಾಕು ಅನ್ನುವಂತೆ ಸಿದ್ಧ ಸಂದೇಶ ಕಳಿಸುವ ವ್ಯವಸ್ಥೆ ಮಾಡಿತು. ಲಕ್ಷಗಟ್ಟಲೆ ಒಂದೇ ಥರದ ಸಂದೇಶ ಹೋದವು. ನಾವು ಕೇಳಿದ ಪ್ರಶ್ನೆಗಳಿಗೆ ಇದರಲ್ಲಿ ಉತ್ತರವೇ ಇಲ್ಲ, ಸಮಾಲೋಚನೆ ಅಂದರೆ ತಲೆ ಎಣಿಕೆ ಅಲ್ಲ ಅನ್ನುವ ಅರ್ಥದಲ್ಲಿ ಟ್ರಾಯ್ ಅದನ್ನು ಖಾರವಾಗಿಯೇ ಆಕ್ಷೇಪಿಸಿತು. 2016ರ ಫೆಬ್ರವರಿ 8ರಂದು ತಾರತಮ್ಯದ ದರಗಳನ್ನು ನಿಷೇಧಿಸುವ ನಿಯಮ ಬಂತು. ಎಷ್ಟು ಜನ ಒತ್ತಿದರು ಅನ್ನುವುದಕ್ಕಿಂತ ಕೇಳಿದ್ದಕ್ಕೆ ಏನು ಹೇಳಿದರು ಅನ್ನುವುದು ಗೆದ್ದ ಅಪರೂಪದ ಸಂದರ್ಭ ಅದು. ಹಾಗಾಗಲು ಕಾರಣ ಇಷ್ಟೇ: ಬರೆದಿಟ್ಟ ಪ್ರಶ್ನೆ ಇತ್ತು, ಕೊನೆಯ ದಿನಾಂಕ ಇತ್ತು, ಬಂದದ್ದನ್ನು ಓದಿ ತೀರ್ಮಾನದ ಕಾರಣ ಹೇಳಬೇಕಾದ ಒಂದು ಸಂಸ್ಥೆ ಇತ್ತು.

ಆದರೆ ಆ ಚರ್ಚೆ ಬಹುಪಾಲು ನಡೆದದ್ದು ಇಂಗ್ಲಿಷಿನಲ್ಲಿ. ನಮ್ಮ ಗ್ರೂಪಿನವರಿಗೆ ಅದು ಮುಟ್ಟಲೇ ಇಲ್ಲ. ಭಾಷೆಯ ಈ ಗೋಡೆ 2020ರಲ್ಲಿ ಇನ್ನೂ ಸ್ಪಷ್ಟವಾಗಿ ಕಂಡಿತು. ಪರಿಸರ ಪರಿಣಾಮ ಅಧ್ಯಯನದ ಹೊಸ ಕರಡು ಅಧಿಸೂಚನೆಯನ್ನು ಕೇಂದ್ರ ಸರ್ಕಾರ ಲಾಕ್‌ಡೌನ್ ಹೊತ್ತಿನಲ್ಲಿ ಹೊರಡಿಸಿ ಆಕ್ಷೇಪಣೆ ಕೇಳಿತು. ಸಾರ್ವಜನಿಕ ಅಹವಾಲಿಗೆ ಕೊಡುವ 30 ದಿನವನ್ನು 20ಕ್ಕೆ ಇಳಿಸುವುದೂ ಅದರಲ್ಲಿತ್ತು. ಅದನ್ನು ಎಂಟನೇ ಪರಿಚ್ಛೇದದ 22 ಭಾಷೆಗಳಿಗೂ ಅನುವಾದಿಸಿ ಅಂತ ದೆಹಲಿ ಹೈಕೋರ್ಟ್ ಜೂನ್ 30ರಂದು ಹೇಳಿತು. ಕರ್ನಾಟಕ ಹೈಕೋರ್ಟ್ ಕೂಡ, ಕನ್ನಡದಲ್ಲಿ ಪ್ರಚಾರ ಆಗಿಲ್ಲ ಅನ್ನುವ ವಾದ ಕೇಳಿ, ಅಂತಿಮ ಅಧಿಸೂಚನೆ ಹೊರಡಿಸದಂತೆ ಆಗ ತಡೆಯಿತು. ನಮ್ಮ ಜಿಲ್ಲೆಯವರಿಗೆ ಇದು ದೂರದ ವಿಷಯ ಅಲ್ಲ. ಮುಧೋಳ, ಲೋಕಾಪುರ, ಜಮಖಂಡಿ ಸುತ್ತ ಸಕ್ಕರೆ ಮತ್ತು ಸಿಮೆಂಟ್ ಕಾರ್ಖಾನೆಗಳಿವೆ. ಹೊಸದು ಬರುವಾಗ, ಇದ್ದದ್ದು ದೊಡ್ಡದಾಗುವಾಗ ಅಹವಾಲು ಸಭೆ ನಡೆಯುತ್ತದೆ.

ಅಂಥ ಒಂದು ಸಭೆಗೆ ನಾನು ಹೋಗಿದ್ದೆ. ದೊಡ್ಡ ಪೆಂಡಾಲು, ಮುಂದಿನ ಸಾಲಿನಲ್ಲಿ ಕಾರ್ಖಾನೆಯವರು ಕರೆತಂದ ಜನ, ಎಲ್ಲರಿಗೂ ಊಟದ ವ್ಯವಸ್ಥೆ. ಉದ್ಯೋಗ ಬರುತ್ತದೆ, ಕಾರ್ಖಾನೆ ಬೇಕು ಅಂತ ಒಬ್ಬರಾದ ಮೇಲೊಬ್ಬರು ಹೇಳಿ ಕೂತರು. ಹಿಂದಿನ ದಿನ ರಾತ್ರಿ ಪಕ್ಕದೂರಿನ ರೈತರ ಗ್ರೂಪಿನಲ್ಲಿ ಒಂದು ವಿಷಯ ಓಡಾಡಿತ್ತು. ಪರಿಸರ ಪರಿಣಾಮ ಅಧ್ಯಯನದ 2006ರ ಅಧಿಸೂಚನೆಯ ಪ್ರಕಾರ ಸಭೆಯ ಕೊನೆಗೆ, ಯಾರು ಏನು ಹೇಳಿದರು ಅನ್ನುವ ಸಾರಾಂಶವನ್ನು ಅಲ್ಲೇ ಜನರಿಗೆ ಸ್ಥಳೀಯ ಭಾಷೆಯಲ್ಲಿ ಓದಿ ಹೇಳಬೇಕು. ಎಲ್ಲರೂ ಏಳುವ ಹೊತ್ತಿಗೆ ಒಬ್ಬ ರೈತರು ಕೈ ಎತ್ತಿದರು. "ಸಾಹೇಬ್ರ, ಬರಕೊಂಡಿದ್ದ ಓದ್ರಿ. ನಾವು ಕೇಳಿ ಹೋಗ್ತೀವಿ." ಅಧಿಕಾರಿಗಳು ಒಬ್ಬರ ಮುಖ ಒಬ್ಬರು ನೋಡಿದರು. ಆಮೇಲೆ ಓದಿದರು. ಬೋರ್‌ವೆಲ್ ನೀರು ಕೆಡುತ್ತದೆ ಅಂತ ಮೂವರು ಹೇಳಿದ್ದು ಬಿಟ್ಟುಹೋಗಿತ್ತು. ನಿಂತ ಜಾಗದಲ್ಲೇ ಸೇರಿಸಿದರು. ಮೊಬೈಲಿನ ಗ್ರೂಪ್ ಪ್ರಜಾಪ್ರಭುತ್ವಕ್ಕೆ ಏನು ಕೊಟ್ಟಿದೆ ಅಂತ ಯಾರಾದರೂ ಕೇಳಿದರೆ ನಾನು ಆ ಪೆಂಡಾಲನ್ನು ನೆನೆಯುತ್ತೇನೆ.

ಮುಳುಗಡೆ ವಿಷಯಕ್ಕೆ ಬಂದರೆ ನನ್ನ ಸಮಾಧಾನ ಕಡಿಮೆಯಾಗುತ್ತದೆ. ಆಲಮಟ್ಟಿ ಅಣೆಕಟ್ಟಿಗೆ ಅಡಿಗಲ್ಲು ಬಿದ್ದದ್ದು 1964ರಲ್ಲಿ. ಹಳೇ ಬಾಗಲಕೋಟೆಯ ಎಷ್ಟೋ ಓಣಿಗಳು ಹಿನ್ನೀರಿಗೆ ಹೋದವು, ನವನಗರ ಹುಟ್ಟಿತು, ಓಣಿಯ ಹೆಸರು ಹೋಗಿ ಸೆಕ್ಟರ್ ನಂಬರ್ ಬಂತು. ಈಗ ನೀರು ನಿಲ್ಲುವುದು 519.60 ಮೀಟರ್‌ವರೆಗೆ. 524.256 ಮೀಟರ್‌ಗೆ ಏರಿಸಬಹುದು ಅಂತ ಎರಡನೇ ಕೃಷ್ಣಾ ನ್ಯಾಯಮಂಡಳಿ 2010ರಲ್ಲಿ ಹೇಳಿತು. ಅಂದಿನಿಂದ ಈ ಎರಡು ಸಂಖ್ಯೆಗಳ ನಡುವೆ ನಮ್ಮ ಬೀಳಗಿ, ಬಾಗಲಕೋಟೆ, ಜಮಖಂಡಿ ಕಡೆಯ ಎಷ್ಟೋ ಮನೆಗಳ ಬದುಕು ತೂಗಾಡುತ್ತಿದೆ. ಮಗಳ ಮದುವೆಗೆ ಹೊಲ ಮಾರೋಣ ಅಂದರೆ ಕೊಳ್ಳುವವರಿಲ್ಲ. ಹೊಸ ಮನೆ ಕಟ್ಟೋಣ ಅಂದರೆ ಧೈರ್ಯ ಇಲ್ಲ.

ನಮ್ಮ ಗ್ರೂಪಿನಲ್ಲಿ ಇದರ ಚರ್ಚೆ ಅಂದರೆ ಪರಿಹಾರದ ಚರ್ಚೆ. ಎಕರೆಗೆ ಎಷ್ಟು, ಖುಷ್ಕಿಗೆ ಎಷ್ಟು, ನೀರಾವರಿಗೆ ಎಷ್ಟು, ಉತಾರಿಯಲ್ಲಿ, ಅಂದರೆ ಪಹಣಿಯಲ್ಲಿ, ಯಾರ ಹೆಸರಿದೆ. ನ್ಯಾಯವಾದ ಚರ್ಚೆಯೇ. ವಿಜಯಪುರ ಜಿಲ್ಲೆಯಲ್ಲಿ ನನ್ನ ಬೀಗರ ಊರಿದೆ. ಅವರ ಗ್ರೂಪಿನಲ್ಲಿ ಮಾತೇ ಬೇರೆ. ಮುಳವಾಡ, ಚಿಮ್ಮಲಗಿ ಏತ ನೀರಾವರಿಗೆ ನೀರು ಸಾಕಷ್ಟು ಸಿಗಬೇಕಾದರೆ ಅಣೆಕಟ್ಟು ಬೇಗ ಎತ್ತರ ಆಗಲಿ, ಇನ್ನೂ ಎಷ್ಟು ಬರಗಾಲ ನೋಡಬೇಕು ಅಂತ. ಅದೂ ನ್ಯಾಯವಾದದ್ದೇ. ನದಿಯ ಮೇಲ್ಭಾಗದ ಸಾಂಗ್ಲಿ, ಕೊಲ್ಹಾಪುರದವರ ಮರಾಠಿ ಗ್ರೂಪುಗಳಲ್ಲಿ, ಆಲಮಟ್ಟಿ ಎತ್ತರವಾದರೆ ನಾವು ಮುಳುಗುತ್ತೇವೆ ಅನ್ನುವ ಆತಂಕ. ಕೃಷ್ಣೆ ಒಂದೇ. ಮಾತು ಮೂರು ಕಡೆ. ಒಬ್ಬರ ಮಾತು ಇನ್ನೊಬ್ಬರಿಗೆ ಕೇಳಿಸುವುದು ಬೈಗುಳದ ಸ್ಕ್ರೀನ್‌ಶಾಟ್ ಬಂದಾಗ ಮಾತ್ರ.

ಇದು ನನಗೆ ನಿಜವಾಗಿ ನೋವು ಕೊಡುವ ವಿಷಯ. ನಮ್ಮ ಗ್ರೂಪಿನಲ್ಲಿ ನಾವು ನಾವೇ ಒಪ್ಪಿಕೊಂಡರೆ ಅದು ಚರ್ಚೆಯೇ ಆಗುವುದಿಲ್ಲ. ಹೊಲ ಕಳೆದುಕೊಳ್ಳುವವರೂ ನೀರು ಕಾಯುತ್ತಿರುವವರೂ ಒಂದೇ ಕಡೆ ಮಾತಾಡಬೇಕು. ಹಾಗೆ ಮಾತಾಡುವ ಜಾಗ ಅಂತ ನಾವು ಕಟ್ಟಿಕೊಂಡದ್ದು ವಿಧಾನಮಂಡಲ. ಬೆಳಗಾವಿಯ ಸುವರ್ಣ ವಿಧಾನಸೌಧ ಉದ್ಘಾಟನೆಯಾದದ್ದು 2012ರ ಅಕ್ಟೋಬರ್ 11ರಂದು, ಈ ಭಾಗದ ಮಾತು ಈ ಭಾಗದಲ್ಲೇ ಆಗಲಿ ಅಂತ. ಚಳಿಗಾಲದ ಅಧಿವೇಶನ ಬಂದಾಗ ಕೊಂಡಸಕೊಪ್ಪದ ಕಡೆ ಟೆಂಟ್‌ಗಳು ಏಳುತ್ತವೆ. ಕಬ್ಬು ಬೆಳೆಗಾರರು, ಸಂತ್ರಸ್ತರು, ಆಶಾ ಕಾರ್ಯಕರ್ತೆಯರು ಚಳಿಯಲ್ಲಿ ಕೂರುತ್ತಾರೆ. ಸಚಿವರು ಬಂದು ಮನವಿ ತೆಗೆದುಕೊಂಡು ಹೋಗುತ್ತಾರೆ. ಮನವಿ ತೆಗೆದುಕೊಳ್ಳುವುದು ಉತ್ತರ ಕೊಟ್ಟಂತೆ ಅಲ್ಲ. ಒಳಗೆ ಉತ್ತರ ಕರ್ನಾಟಕದ ಚರ್ಚೆ ಶುರುವಾದಾಗ ಎಷ್ಟು ಕುರ್ಚಿ ಖಾಲಿ ಇರುತ್ತವೆ ಅನ್ನುವುದನ್ನು ಈಗ ನೇರಪ್ರಸಾರದಲ್ಲಿ ಎಲ್ಲರೂ ನೋಡುತ್ತಾರೆ. ನೋಡುತ್ತಿದ್ದಾರೆ ಅನ್ನುವುದು ಒಳಗಿನವರಿಗೂ ಗೊತ್ತಾಗಲಿ.

ಸುಳ್ಳು ಸುದ್ದಿ ಬಗ್ಗೆ ಜಾಸ್ತಿ ಬರೆಯುವುದಿಲ್ಲ, ಎಲ್ಲರಿಗೂ ಗೊತ್ತಿರುವ ಸಂಗತಿ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯಲ್ಲಿ ಮಕ್ಕಳ ಕಳ್ಳರು ಅನ್ನುವ ವದಂತಿ ನಂಬಿ ಗುಂಪು ಒಬ್ಬ ಎಂಜಿನಿಯರ್‌ನ ಜೀವ ತೆಗೆಯಿತು. ಅದೇ ತಿಂಗಳು ವಾಟ್ಸಾಪ್ ನಮ್ಮ ದೇಶದಲ್ಲಿ ಫಾರ್ವರ್ಡ್ ಮಾಡುವುದನ್ನು ಒಂದು ಸಲಕ್ಕೆ 5ಕ್ಕೆ ಇಳಿಸಿತು. 2019ರ ಆಗಸ್ಟ್ ಪ್ರವಾಹದಲ್ಲಿ ಡ್ಯಾಂ ಒಡೆದಿದೆ ಅಂತ ನಮ್ಮ ಗ್ರೂಪಿಗೂ ಒಂದು ಧ್ವನಿ ಸಂದೇಶ ಬಂದಿತ್ತು. ಅದನ್ನು ಅಡಗಿಸಿದ್ದು ಜಲಾಶಯದ ಆ ದಿನದ ನೀರಿನ ಮಟ್ಟದ ಸರ್ಕಾರಿ ಪಟ್ಟಿ, ಯಾರೋ ಹುಡುಕಿ ಹಾಕಿದ್ದು. ಸರ್ಕಾರ ದಿನವೂ ಮಾಹಿತಿ ಹೊರಗೆ ಇಟ್ಟರೆ ವದಂತಿಯ ಅರ್ಧ ಬಲ ಹೋಗುತ್ತದೆ.

ಭಯದ ಬಗ್ಗೆ ಮಾತ್ರ ಹೇಳಲೇಬೇಕು. ನಮ್ಮ ಗ್ರೂಪಿನಲ್ಲಿ ಯಾರಾದರೂ ಸ್ವಲ್ಪ ಬಿಗಿಯಾಗಿ ಕೇಳಿದರೆ "ಸೈಬರ್ ಕೇಸ್ ಹಾಕಸ್ತೀನಿ" ಅನ್ನುವ ಮಾತು ಬರುತ್ತದೆ. 2012ರಲ್ಲಿ ಮಹಾರಾಷ್ಟ್ರದ ಪಾಲ್ಘರ್‌ನಲ್ಲಿ ಇಬ್ಬರು ಯುವತಿಯರನ್ನು ಬಂಧಿಸಿದರು. ಒಬ್ಬಳು ಮುಂಬೈ ಬಂದ್ ಬಗ್ಗೆ ಫೇಸ್‌ಬುಕ್‌ನಲ್ಲಿ ಬರೆದಿದ್ದಳು, ಇನ್ನೊಬ್ಬಳು ಅದನ್ನು ಲೈಕ್ ಮಾಡಿದ್ದಳು. ಆಗ ಬಳಸಿದ, ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಕಲಂ ಅನ್ನು ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದು ರದ್ದು ಮಾಡಿತು. ಆ ತೀರ್ಪಿನಲ್ಲಿ ಒಂದು ಸ್ಪಷ್ಟ ಗೆರೆ ಇದೆ. ಚರ್ಚೆ ಮಾಡಬಹುದು, ಒಂದು ಅಭಿಪ್ರಾಯದ ಪರ ವಾದಿಸಬಹುದು, ಅದು ಎಷ್ಟೇ ಅಪ್ರಿಯವಾದರೂ ಸರಿ. ಹಿಂಸೆಗೆ, ಅವ್ಯವಸ್ಥೆಗೆ ಪ್ರಚೋದಿಸಿದಾಗ ಮಾತ್ರ ಕಾನೂನು ನಡುವೆ ಬರುತ್ತದೆ. ಸಮುದಾಯ ಭವನದ ಹಣ ಎಲ್ಲಿ ಅಂತ ಕೇಳುವುದು ಯಾವ ಕಡೆಯಿಂದ ನೋಡಿದರೂ ಪ್ರಚೋದನೆ ಆಗುವುದಿಲ್ಲ.

ಅಡ್ಮಿನ್‌ಗಳಿಗೂ ಇದೇ ಭಯ. ಯಾರೋ ಹಾಕಿದ್ದಕ್ಕೆ ನನ್ನ ಮೇಲೆ ಕೇಸ್ ಬಿದ್ದರೆ ಅಂತ ಚುನಾವಣೆ ಬಂದ ಕೂಡಲೇ ಗ್ರೂಪಿಗೆ ಬೀಗ ಹಾಕುತ್ತಾರೆ, ಅಡ್ಮಿನ್ ಬಿಟ್ಟು ಬೇರೆ ಯಾರೂ ಬರೆಯದ ಹಾಗೆ. ಸದಸ್ಯರು ಹಾಕಿದ ಸಂದೇಶಕ್ಕೆ ಅಡ್ಮಿನ್ ತಾನಾಗಿಯೇ ಅಪರಾಧಿ ಆಗುವುದಿಲ್ಲ ಅಂತ ಬಾಂಬೆ ಹೈಕೋರ್ಟ್ 2021ರಲ್ಲಿ, ಕೇರಳ ಹೈಕೋರ್ಟ್ 2022ರಲ್ಲಿ ಹೇಳಿವೆ. ಊರಿಗೆ ಮಾತು ಹೆಚ್ಚು ಬೇಕಾದ ಹೊತ್ತಿನಲ್ಲೇ ಬಾಯಿ ಮುಚ್ಚಿಸುವುದು ತಪ್ಪು. ಬೈದವರನ್ನು ತಡೆಯಿರಿ, ಎಲ್ಲರನ್ನೂ ಯಾಕೆ?

ಮೇಲಿನವರಿಗೂ ಈ ಮಾತು ಸಲ್ಲುತ್ತದೆ. ಸರ್ಕಾರ ಒಂದು ಬರಹವನ್ನು ತೆಗೆಸಿದಾಗ ಯಾಕೆ ತೆಗೆಸಿತು ಅನ್ನುವುದು ಓದುಗರಿಗೆ ಬಹುತೇಕ ಗೊತ್ತಾಗುವುದೇ ಇಲ್ಲ. ಬರಹ ತೆಗೆಯಿರಿ ಅಂತ ಸರ್ಕಾರ ಕಂಪನಿಗಳಿಗೆ ಹೇಳುವ ಸಹಯೋಗ್ ಪೋರ್ಟಲ್ ವಿರುದ್ಧ ಎಕ್ಸ್ (ಹಿಂದಿನ ಟ್ವಿಟರ್) ಕಂಪನಿ ಹಾಕಿದ್ದ ಅರ್ಜಿಯನ್ನು ನಮ್ಮ ಹೈಕೋರ್ಟ್ 2025ರ ಸೆಪ್ಟೆಂಬರ್‌ನಲ್ಲಿ ವಜಾ ಮಾಡಿತು. ಕಾನೂನಿನ ಆ ವಾದ ಹಾಗಿರಲಿ. ನನ್ನ ಬೇಡಿಕೆ ಸಣ್ಣದು. ತೆಗೆಸುವ ಅಧಿಕಾರ ಇದ್ದವರು ಕಾರಣವನ್ನು ಎಲ್ಲರಿಗೂ ಕಾಣುವಂತೆ ಬರೆಯಲಿ.

ಹೆಣ್ಣುಮಕ್ಕಳ ವಿಷಯ ಬಿಟ್ಟರೆ ಈ ಬರಹ ಅರ್ಧ ಆಗುತ್ತದೆ. ನಮ್ಮ ಗ್ರೂಪಿನಲ್ಲಿ ಅವರ ಸಂಖ್ಯೆ ಕಡಿಮೆ. ಫೋನ್ ಮನೆಯಲ್ಲಿದ್ದರೂ ಗಂಡನ ಕೈಯಲ್ಲೋ ಮಗನ ಕೈಯಲ್ಲೋ ಇರುತ್ತದೆ. ಸ್ವಸಹಾಯ ಸಂಘದ ಒಬ್ಬ ಅಕ್ಕ ಮಾತ್ರ ಧ್ವನಿ ಸಂದೇಶ ಹಾಕುತ್ತಾರೆ. ಟೈಪ್ ಮಾಡುವುದು ಅವರಿಗೆ ಕಷ್ಟ. ಅಂಗನವಾಡಿ ಮುಂದೆ ಸಾರಾಯಿ ಪ್ಯಾಕೆಟ್ ಮಾರುವುದರ ಬಗ್ಗೆ ಒಮ್ಮೆ ಹಾಕಿದರು. ಹಿಂದೆ ಒಗ್ಗರಣೆಯ ಸದ್ದು, ಮಗುವಿನ ಅಳು, ನಡುವೆ ಅವರ ಧ್ವನಿ, ನಡುಗದೆ. "ಯಪ್ಪಾ, ನೀವೆಲ್ಲಾ ದೊಡ್ಡವರ ಅದೀರಿ. ಕೂಸುಗೋಳು ಆಡೋ ಜಾಗಾದಾಗ ಇದು ಬ್ಯಾಡ. ಯಾರು ಬಂದ್ ಮಾಡಸ್ತೀರಿ ಹೇಳ್ರಿ." ಗಂಡಸರ್ಯಾರೂ ಉತ್ತರ ಕೊಡಲಿಲ್ಲ. ಅವರ ಸಂಘದವರು ಅದೇ ಧ್ವನಿಯನ್ನು ಬೇರೆ ಸಂಘಗಳಿಗೆ ಕಳಿಸಿದರು. ಮಹಿಳಾ ಗ್ರಾಮ ಸಭೆ ಸೇರಿದಾಗ ಒಟ್ಟಿಗೇ ಬಂದು ಕೂತರು, ಠರಾವು ಬರೆಸಿಯೇ ಎದ್ದರು. ನಮ್ಮ ರಾಜ್ಯದ ಪಂಚಾಯ್ತಿಗಳಲ್ಲಿ ಅರ್ಧ ಸ್ಥಾನ ಮಹಿಳೆಯರಿಗೆ ಮೀಸಲು. ಸದಸ್ಯೆಯ ಜೊತೆ ಬರುವ ಗಂಡನೇ ಮಾತಾಡುವುದನ್ನು ಎಲ್ಲ ಕಡೆ ನೋಡಿದ್ದೇವೆ. ಆ ದಿನ ಸದಸ್ಯೆಯೇ ಮಾತಾಡಿದರು. ಆ ಅಕ್ಕನ ಧ್ವನಿಯನ್ನು ಅವರೂ ಕೇಳಿದ್ದರು ಅಂತ ಆಮೇಲೆ ತಿಳಿಯಿತು.

ಈಗ ನಮ್ಮ ಗ್ರೂಪಿನಲ್ಲಿ ಒಂದು ಹೊಸ ವಾದ ನಡೆದಿದೆ. ಪಿಡಿಒ ಅವರನ್ನು ಗ್ರೂಪಿಗೆ ಸೇರಿಸಬೇಕೋ ಬೇಡವೋ ಅಂತ. ಸೇರಿಸಿದರೆ ಅಲ್ಲೇ ಉತ್ತರ ಸಿಗುತ್ತದೆ, ಸಭೆಗೆ ಕಾಯುವುದು ಯಾಕೆ ಅನ್ನುವವರು ಹುಡುಗರು. ಪೋಸ್ಟ್‌ಮನ್ ಕಾಕಾ ಒಪ್ಪುತ್ತಿಲ್ಲ. "ಗ್ರೂಪಿನ್ಯಾಗ ಹೂಂ ಅಂತಾರ, ನಾಳೆ ಅಳಿಸ್ತಾರ. ಪುಸ್ತಕದಾಗ ಬರೀಲಿ" ಅನ್ನುತ್ತಾರೆ. ನಾನು ಕಾಕಾ ಕಡೆ. ಅಧಿಕಾರಿ ಒಳಗೆ ಬಂದರೆ ಜನ ಅವರನ್ನು ಮೆಚ್ಚಿಸಲು ಬರೆಯತೊಡಗುತ್ತಾರೆ, ಇಲ್ಲವೇ ಸುಮ್ಮನಾಗುತ್ತಾರೆ. ಕೇರಿಯ ಹುಡುಗ ಮಾತ್ರ ನಡುವಿನ ದಾರಿ ಹೇಳಿದ್ದಾನೆ. ಗ್ರೂಪಿನಲ್ಲಿ ತೀರ್ಮಾನವಾದ ಪ್ರಶ್ನೆಗಳನ್ನು ಸಭೆಗೆ ಒಂದು ವಾರ ಮೊದಲು ಬರೆದು ಕೊಟ್ಟು ಸ್ವೀಕೃತಿ ತೆಗೆದುಕೊಳ್ಳೋಣ, ಉತ್ತರ ಬರದಿದ್ದರೆ ಹತ್ತು ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಕೇಳೋಣ, 30 ದಿನದಲ್ಲಿ ಕೊಡಲೇಬೇಕು ಅಂತ. ಬರುವ ಸಭೆಗೆ ಅವನು ಬರೆದಿರುವ ಪಟ್ಟಿಯಲ್ಲಿ ಸಮುದಾಯ ಭವನದ ಪ್ರಶ್ನೆಯೇ ಮೊದಲನೆಯದು. ಸಹಿ ಮಾಡುವವರು ಹೆಸರು ಕಳಿಸಿ ಅಂದಿದ್ದಾನೆ. ಅವನ ಅಪ್ಪನ ಹೆಸರು ಎರಡನೆಯದಾಗಿ ಬಂದಿದೆ.